ಕ್ಯಾಮ್ ಸೆನ್ಸರ್ ಬದಲಿಸುವ ಮೊದಲು ಅಲೆ ನೋಡಿ

ಗಾಡಿಗೆ ಸ್ಕ್ಯಾನರ್ ಹಾಕಿದಿರಿ, ಪಿ0340 ಎಂಬ ದೋಷದ ಕೋಡ್ ಬಂತು. ಕ್ಯಾಮ್‌ಶಾಫ್ಟ್ ಪೊಸಿಷನ್ ಸೆನ್ಸರ್ ಸರ್ಕ್ಯೂಟ್‌ನಲ್ಲಿ ತೊಂದರೆ ಎನ್ನುತ್ತದೆ. ನಮ್ಮಲ್ಲಿ ಹೆಚ್ಚಿನವರು ಆಗಲೇ ಫೋನ್ ತೆಗೆದು ಹೊಸ ಸೆನ್ಸರ್ ಆರ್ಡರ್ ಮಾಡುತ್ತೇವೆ. ಹೊಸದು ಹಾಕಿದ ಮೇಲೂ ಅದೇ ಕೋಡ್ ಬಂದರೆ ಡುಪ್ಲಿಕೇಟ್ ಮಾಲು ಎಂದು ಬೈದು ಇನ್ನೊಂದು ತರಿಸುತ್ತೇವೆ. ಅದಕ್ಕೂ ಬಗ್ಗದಿದ್ದರೆ ಅನುಮಾನ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಪಾಪದ ಇಸಿಯು ಮೇಲೆ ಹೋಗುತ್ತದೆ.

ಆ ಕೋಡ್ ಹೇಳಿದ್ದು ಇಷ್ಟೇ: ಇಸಿಯುಗೆ ಬರಬೇಕಾದ ಸಿಗ್ನಲ್ ಸರಿಯಾಗಿ ಬಂದಿಲ್ಲ. ಯಾಕೆ ಬಂದಿಲ್ಲ ಎನ್ನುವುದು ಅದಕ್ಕೂ ಗೊತ್ತಿಲ್ಲ. ಸೆನ್ಸರ್ ಸತ್ತಿರಬಹುದು. ಸಪ್ಲೈ ಬರದೇ ಇರಬಹುದು. ಗ್ರೌಂಡ್ ಸರಿಯಾಗಿ ಹಿಡಿದಿಲ್ಲದೇ ಇರಬಹುದು. ನಡುವೆ ಎಲ್ಲೋ ವೈರ್ ತುಂಡಾಗಿರಬಹುದು. ಸೆನ್ಸರ್ ಎದುರಿನ ಚಕ್ರದ ಹಲ್ಲು ಮುರಿದಿರಬಹುದು. ಪಿ0341 ಅಥವಾ ಪಿ0016 ಬಂದಿದ್ದರಂತೂ ಕ್ರ್ಯಾಂಕ್‌ನಿಂದ ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್ ಮೇಲೂ ಕಣ್ಣಿಡಬೇಕು. ಇಷ್ಟರಲ್ಲಿ ಯಾವುದು ಎಂದು ಸೆನ್ಸರ್ ಬಿಚ್ಚದೆಯೇ ಗೊತ್ತಾಗಬೇಕಾದರೆ, ವೋಲ್ಟೇಜ್‌ನ ಏರಿಳಿತವನ್ನು ಸ್ಕ್ರೀನ್ ಮೇಲೆ ಅಲೆಯಾಗಿ ತೋರಿಸುವ ಆಸಿಲೋಸ್ಕೋಪ್ (ಸ್ಕೋಪ್) ಬೇಕು. ಇವತ್ತು ಅದರ ಬಗ್ಗೆಯೇ ಮಾತು.

ಮೊದಲು, ಈ ಸೆನ್ಸರ್ ಯಾಕೆ ಬೇಕು ಎನ್ನುವುದು. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ನಾಲ್ಕೂ ಸ್ಟ್ರೋಕ್ ಮುಗಿಯಲು, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎರಡು ಸಲ ತಿರುಗಬೇಕು, ಅಂದರೆ 720 ಡಿಗ್ರಿ. ಅಷ್ಟರಲ್ಲಿ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಒಂದೇ ಸಲ ತಿರುಗುತ್ತದೆ. ಮೊದಲ ಪಿಸ್ಟನ್ ಮೇಲೆ ಬಂದಿದೆ ಎಂದು ಕ್ರ್ಯಾಂಕ್ ಸೆನ್ಸರ್ ಹೇಳಬಲ್ಲದು. ಆದರೆ ಅದು ಕಂಪ್ರೆಷನ್‌ನಲ್ಲಿ ಬಂತೋ, ಎಕ್ಸಾಸ್ಟ್‌ನಲ್ಲಿ ಬಂತೋ ಹೇಳಲಾರದು. ಗಡಿಯಾರ ಏಳು ಗಂಟೆ ತೋರಿಸುತ್ತದೆ, ಬೆಳಗ್ಗೆಯೋ ಸಂಜೆಯೋ ಹೇಳುವುದಿಲ್ಲ, ಅಲ್ವಾ? ಕ್ಯಾಮ್ ಸೆನ್ಸರ್ ಹೇಳುವುದು ಅದನ್ನೇ.

ಅದಕ್ಕೇ ಕ್ಯಾಮ್ ಸಿಗ್ನಲ್ ಹೋದರೆ ಒಂದೊಂದು ಗಾಡಿ ಒಂದೊಂದು ಥರ ಆಡುತ್ತದೆ. ಕೆಲವು ಸ್ಟಾರ್ಟೇ ಆಗುವುದಿಲ್ಲ. ಕೆಲವು ಜಾಸ್ತಿ ಹೊತ್ತು ಸೆಲ್ಫ್ ಹೊಡೆದ ಮೇಲೆ ಸ್ಟಾರ್ಟ್ ಆಗಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಓಡುತ್ತವೆ. ಇಸಿಯು ಆಗ ಕ್ರ್ಯಾಂಕ್ ಸಿಗ್ನಲ್ ಒಂದನ್ನೇ ನಂಬಿಕೊಂಡು, ಯಾವ ಸಿಲಿಂಡರ್ ಎಂದು ಊಹಿಸಿ ಕೆಲಸ ನಡೆಸುತ್ತಿರುತ್ತದೆ. ಗಿರಾಕಿ "ಬೆಳಗ್ಗೆ ಸ್ಟಾರ್ಟ್ ಆಗೋಕೆ ಸ್ವಲ್ಪ ಸತಾಯಿಸುತ್ತೆ, ಅಷ್ಟೇ" ಎಂದರೆ ಈ ಸೆನ್ಸರ್ ನೆನಪಾಗಬೇಕು.

ಇನ್ನು ಮಲ್ಟಿಮೀಟರ್ ವಿಷಯ. ಅದನ್ನು ಎಸೆಯಿರಿ ಎಂದು ನಾನು ಹೇಳುವುದಿಲ್ಲ. ಸಪ್ಲೈ ನೋಡಲು, ವೈರ್ ಕಂಟಿನ್ಯುಯಿಟಿ ನೋಡಲು ಅದೇ ಸಾಕು. ಆದರೆ ಐದು ವೋಲ್ಟ್‌ಗೂ ಸೊನ್ನೆಗೂ ನಡುವೆ ಕುಣಿಯುವ ಸಿಗ್ನಲ್ ಅದಕ್ಕೆ ಸರಾಸರಿಯಾಗಿ ಕಾಣುತ್ತದೆ. ಅರ್ಧ ಹೊತ್ತು ಮೇಲೆ, ಅರ್ಧ ಹೊತ್ತು ಕೆಳಗೆ ಇರುವ ಸಿಗ್ನಲ್‌ಗೆ ಮೀಟರ್ ಸುಮಾರು 2.5 ತೋರಿಸುತ್ತದೆ. ನಡುವೆ ಒಂದು ಪಲ್ಸ್ ಬಿಟ್ಟುಹೋದರೂ ಮೀಟರ್‌ಗೆ ಗೊತ್ತೇ ಆಗುವುದಿಲ್ಲ. ಇಸಿಯು ಕೋಡ್ ಹಾಕುವುದು ಆ ಬಿಟ್ಟುಹೋದ ಪಲ್ಸ್‌ಗೆ.

ಸೆನ್ಸರ್‌ಗಳಲ್ಲಿ ನಿಮಗೆ ಜಾಸ್ತಿ ಸಿಗುವುದು ಎರಡು ಜಾತಿ. ಮ್ಯಾಗ್ನೆಟ್ ಸುತ್ತ ಕಾಯಿಲ್ ಸುತ್ತಿದ ಇಂಡಕ್ಟಿವ್ ಸೆನ್ಸರ್ ಒಂದು. ಇದಕ್ಕೆ ಸಪ್ಲೈ ಬೇಕಿಲ್ಲ, ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಇನ್ನೊಂದು ಹಾಲ್ ಸೆನ್ಸರ್. ಮೂರು ವೈರ್: ಸಪ್ಲೈ, ಗ್ರೌಂಡ್, ಸಿಗ್ನಲ್. ಎಡ್ವಿನ್ ಹಾಲ್ ಎಂಬ ಅಮೆರಿಕದ ವಿದ್ಯಾರ್ಥಿ 1879ರಲ್ಲಿ ತೆಳ್ಳನೆಯ ಚಿನ್ನದ ಹಾಳೆಯಲ್ಲಿ ಕರೆಂಟ್ ಹರಿಸಿ, ಪಕ್ಕದಲ್ಲಿ ಮ್ಯಾಗ್ನೆಟ್ ಇಟ್ಟು ಈ ಪರಿಣಾಮವನ್ನು ಕಂಡುಹಿಡಿದದ್ದು. ಆಗಿನ್ನೂ ಎಲೆಕ್ಟ್ರಾನ್ ಎಂಬುದೇ ಪತ್ತೆಯಾಗಿರಲಿಲ್ಲ. ನಾವು ಅದನ್ನು ಎಣ್ಣೆ ಮೆತ್ತಿದ ಕವರ್ ಮೇಲೆ ಬೋಲ್ಟ್ ಹಾಕಿ ಬಿಗಿಯುತ್ತೇವೆ. ಇರಲಿ.

ಒಂದು ಎಚ್ಚರಿಕೆ. ಮೂರು ವೈರ್ ಇದೆ ಎಂದ ತಕ್ಷಣ ಹಾಲ್ ಎಂದುಕೊಳ್ಳಬೇಡಿ. ಕೆಲವು ಇಂಡಕ್ಟಿವ್ ಸೆನ್ಸರ್‌ಗಳಿಗೆ ಮೂರನೆಯ ವೈರ್ ಶೀಲ್ಡ್ ಆಗಿರುತ್ತದೆ. ವೈರಿಂಗ್ ಡಯಾಗ್ರಾಂ ನೋಡಿ. ಹಾಲ್ ಸೆನ್ಸರ್‌ಗೆ ಮೀಟರ್‌ನಲ್ಲಿ ರೆಸಿಸ್ಟೆನ್ಸ್ ಅಳೆಯುವುದೂ ಬೇಡ. ಒಳಗೆ ಇರುವುದು ಐಸಿ, ಆ ಓಮ್ ಲೆಕ್ಕದಿಂದ ಏನೂ ತಿಳಿಯುವುದಿಲ್ಲ.

ಈಗ ಸ್ಕೋಪ್ ಜೋಡಿಸೋಣ. ಕನೆಕ್ಟರ್ ಹಾಕಿದ್ದ ಹಾಗೇ ಇರಲಿ, ಹಿಂದಿನಿಂದ ತೆಳ್ಳನೆಯ ಪಿನ್ ತೂರಿಸಿ ಸಿಗ್ನಲ್ ತೆಗೆಯಿರಿ. ವೈರ್ ಸಿಪ್ಪೆ ಚುಚ್ಚಬೇಡಿ. ಇವತ್ತು ನೀವು ಮಾಡಿದ ತೂತಿನಿಂದ ಮುಂದಿನ ಮಳೆಗಾಲದಲ್ಲಿ ಅದೇ ವೈರ್ ಒಳಗೆ ಹಸಿರು ಕಟ್ಟುತ್ತದೆ. ಸ್ಕೋಪ್‌ನ ಗ್ರೌಂಡ್ ಕ್ಲಿಪ್ ಬ್ಯಾಟರಿಯ ನೆಗೆಟಿವ್‌ಗೇ ಹೋಗಲಿ, ಸಿಕ್ಕ ಬೋಲ್ಟ್‌ಗೆ ಬೇಡ. ಯಾಕೆ ಎನ್ನುವುದು ಇನ್ನೊಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಯುಎಸ್‌ಬಿ ಸ್ಕೋಪ್ ಆದರೆ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ಇಂಥ ಸ್ಕೋಪ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲ ಚಾನೆಲ್‌ಗಳ ಗ್ರೌಂಡ್ ಒಳಗೆ ಒಂದೇ ಆಗಿರುತ್ತದೆ. ಎರಡನೇ ಚಾನೆಲ್‌ನ ಗ್ರೌಂಡ್ ಕ್ಲಿಪ್ ಅನ್ನು ಯಾವುದೋ ಲೈವ್ ವೈರ್‌ಗೆ ಹಾಕಿದರೆ ಅದು ನೇರ ಶಾರ್ಟ್.

ಸ್ಕೋಪ್‌ನಲ್ಲಿ ಟೈಮ್ ಎಷ್ಟು ಇಡಬೇಕು? ಇದನ್ನು ಬಾಯಿಪಾಠ ಮಾಡಬೇಡಿ, ಲೆಕ್ಕ ಹಾಕಿ. ಐಡಲಿಂಗ್ 750 ಆರ್‌ಪಿಎಂ ಎಂದರೆ ಕ್ರ್ಯಾಂಕ್ ಒಂದು ಸುತ್ತಿಗೆ 80 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಕ್ಯಾಮ್‌ಗೆ 160. ಸ್ಕ್ರೀನ್‌ನಲ್ಲಿ ಅಡ್ಡಕ್ಕೆ ಹತ್ತು ಮನೆ (ಡಿವಿಷನ್) ಇದ್ದರೆ, ಒಂದು ಮನೆಗೆ 20 ಮಿಲಿಸೆಕೆಂಡ್ ಇಟ್ಟಾಗ ಕ್ಯಾಮ್‌ನ ಒಂದು ಪೂರ್ತಿ ಸುತ್ತು ಕಾಣುತ್ತದೆ. ಸೆಲ್ಫ್ ಹೊಡೆಯುವಾಗ ವೇಗ 200 ಆರ್‌ಪಿಎಂ ಎಂದುಕೊಳ್ಳಿ. ಆಗ ಕ್ಯಾಮ್‌ನ ಸುತ್ತಿಗೆ 600 ಮಿಲಿಸೆಕೆಂಡ್. ಒಂದು ಮನೆಗೆ 100 ಇಡಿ.

ಇಲ್ಲೇ ಸಣ್ಣ ಮೆಮೊರಿಯ ಪಾಕೆಟ್ ಸ್ಕೋಪ್‌ಗಳು ಕೈಕೊಡುವುದು. ಒಂದು ಸೆಕೆಂಡಿನ ಸ್ಕ್ರೀನ್‌ನಲ್ಲಿ ಸಾವಿರ ಚುಕ್ಕೆ ಮಾತ್ರ ಇಡುವ ಸ್ಕೋಪ್ ಮಿಲಿಸೆಕೆಂಡಿಗೆ ಒಂದು ಚುಕ್ಕೆ ಹಾಕುತ್ತದೆ. ಕ್ರ್ಯಾಂಕ್ ಸೆನ್ಸರ್ ಎದುರಿನ ಚಕ್ರಕ್ಕೆ 60 ಹಲ್ಲಿನ ಲೆಕ್ಕ ಹಿಡಿದರೆ, ಒಂದು ಹಲ್ಲು ಐಡಲಿಂಗ್‌ನಲ್ಲಿ 1.33 ಮಿಲಿಸೆಕೆಂಡಿನಲ್ಲಿ ದಾಟಿಹೋಗುತ್ತದೆ. ಹಲ್ಲಿಗೆ ಒಂದು ಚುಕ್ಕೆ! ಆಗ ಸ್ಕ್ರೀನ್ ಮೇಲೆ ಕಾಣುವುದು ಸುಳ್ಳು ಅಲೆ. ಅದನ್ನು ನೋಡಿ ಎಂಜಿನ್ ಬಿಚ್ಚಬೇಡಿ. ಹಲ್ಲಿಗೆ ಕನಿಷ್ಠ ಹತ್ತಿಪ್ಪತ್ತು ಚುಕ್ಕೆಯಾದರೂ ಬೀಳಬೇಕು.

ಹಾಲ್ ಸೆನ್ಸರ್‌ನ ಅಲೆ ಬಂತು ಎನ್ನಿ. ಚೌಕ ಚೌಕ, ಕೆಲವು ಅಗಲ, ಕೆಲವು ಕಿರಿದು. "ಅಲೆ ಬರ್ತಿದೆ, ಸೆನ್ಸರ್ ಸರಿ ಇದೆ" ಎಂದು ಎದ್ದು ಹೋಗುವವರು ಬಹಳ. ಸ್ವಲ್ಪ ಕುಳಿತು ಆ ಗೆರೆಯನ್ನು ಓದಿ.

ಮೇಲಿನ ಗೆರೆ ಎಲ್ಲಿ ನಿಂತಿದೆ? ಇಲ್ಲೊಂದು ವಿಷಯ ತಲೆಯಲ್ಲಿರಲಿ. ಸಾಮಾನ್ಯವಾಗಿ ಆ ಐದು ವೋಲ್ಟ್ ಸೆನ್ಸರ್‌ನಿಂದ ಬರುವುದಲ್ಲ, ಸಿಗ್ನಲ್ ವೈರನ್ನು ಮೇಲೆ ಎತ್ತಿ ಹಿಡಿಯಲು ಇಸಿಯು ಒಳಗಿರುವ ಪುಲ್‌ಅಪ್ ರೆಸಿಸ್ಟರ್ ಮೂಲಕ ಬರುವುದು. ಕೆಲವು ಗಾಡಿಗಳಲ್ಲಿ ಅದು ಹನ್ನೆರಡು ವೋಲ್ಟ್. ಸೆನ್ಸರ್ ಮಾಡುವ ಕೆಲಸ ಆ ವೈರನ್ನು ಗ್ರೌಂಡ್‌ಗೆ ಎಳೆಯುವುದು, ಬಿಡುವುದು, ಅಷ್ಟೇ. ಹಾಗಾಗಿ ಸಿಗ್ನಲ್ ಗೆರೆ ಸೊನ್ನೆಯಲ್ಲೇ ಮಲಗಿದ್ದರೆ ಸೆನ್ಸರ್ ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ, ವೈರಿಂಗ್ ಕಡೆಯ ಸಿಗ್ನಲ್ ಪಿನ್ ನೋಡಿ. ವೋಲ್ಟೇಜ್ ಎದ್ದು ನಿಂತಿತೋ, ವೈರ್ ಮತ್ತು ಇಸಿಯು ಬದುಕಿವೆ, ಎಳೆದು ಹಿಡಿದುಕೊಂಡಿದ್ದು ಸೆನ್ಸರ್. ಆಗಲೂ ಸೊನ್ನೆಯೇ ಇದ್ದರೆ ನೀವು ಎಷ್ಟು ಹೊಸ ಸೆನ್ಸರ್ ತಂದು ಹಾಕಿದರೂ ಆ ಗಾಡಿಗೆ ಉಪಯೋಗವಿಲ್ಲ.

ಗೆರೆ ಮೇಲೇ ನಿಂತು ಕೆಳಗೆ ಬರುತ್ತಲೇ ಇಲ್ಲ ಎಂದರೆ ಸೆನ್ಸರ್‌ಗೆ ಸಪ್ಲೈ ಇದೆಯೇ, ಗ್ರೌಂಡ್ ಇದೆಯೇ ನೋಡಿ. ಐದು ವೋಲ್ಟ್ ಸಪ್ಲೈಯನ್ನು ಹಲವು ಸಲ ಎರಡು ಮೂರು ಸೆನ್ಸರ್ ಹಂಚಿಕೊಂಡಿರುತ್ತವೆ. ಎಸಿ ಪ್ರೆಷರ್ ಸೆನ್ಸರ್ ಶಾರ್ಟ್ ಆಗಿ ಕ್ಯಾಮ್ ಸೆನ್ಸರ್‌ನ ಊಟ ಕಿತ್ತುಕೊಂಡ ಗಾಡಿ ನೋಡಿದ್ದೇನೆ. ಆ ಸರ್ಕ್ಯೂಟ್ ಹಂಚಿಕೊಂಡ ಕನೆಕ್ಟರ್‌ಗಳನ್ನು ಒಂದೊಂದೇ ಬಿಚ್ಚುತ್ತಾ ಬಂದರೆ ಯಾವುದನ್ನು ಬಿಚ್ಚಿದಾಗ ಐದು ವೋಲ್ಟ್ ವಾಪಸ್ ಬಂತೋ ಅದೇ ಕಳ್ಳ.

ಈಗ ಕೆಳಗಿನ ಗೆರೆ. ನನ್ನ ಪ್ರಕಾರ ಇಡೀ ಅಲೆಯಲ್ಲಿ ಹೆಚ್ಚು ಮಾತಾಡುವುದು ಇದೇ, ಜನ ನೋಡದೇ ಇರುವುದೂ ಇದನ್ನೇ. ಕೆಳಗೆ ಬಂದಾಗ ಅದು ಸೊನ್ನೆಯ ಹತ್ತಿರ ಬರಬೇಕು, 0.1ರಿಂದ 0.4 ವೋಲ್ಟ್ ಆಸುಪಾಸು. ಅದು ಒಂದು ವೋಲ್ಟ್‌ನಲ್ಲೇ ನಿಂತುಬಿಟ್ಟರೆ? ಒಂದು ಗಾಡಿಯಲ್ಲಿ ಹೀಗೇ ಇತ್ತು. ಸೆನ್ಸರ್ ಆಗಲೇ ಬೇರೆಲ್ಲೋ ಬದಲಾಗಿತ್ತು, ಕೋಡ್ ಆಗಾಗ ಬಂದು ಹೋಗುತ್ತಿತ್ತು. ಅಲೆ ಚೆನ್ನಾಗೇ ಕಾಣುತ್ತಿತ್ತು, ಪಲ್ಸ್ ಯಾವುದೂ ತಪ್ಪಿರಲಿಲ್ಲ. ಆದರೆ ಕೆಳಗಿನ ಗೆರೆ 1.1 ವೋಲ್ಟ್. ಎರಡನೇ ಚಾನೆಲ್ ಅನ್ನು ಸೆನ್ಸರ್‌ನ ಗ್ರೌಂಡ್ ಪಿನ್ ಮೇಲೆ ಇಟ್ಟೆ. ಅಲ್ಲಿ 0.9 ವೋಲ್ಟ್! ಗ್ರೌಂಡ್ ಎನ್ನುವ ಜಾಗದಲ್ಲಿ 0.9 ಇರಬಾರದು. ರೇಡಿಯೇಟರ್ ಫ್ಯಾನ್ ಓಡಿದಾಗ ಎರಡೂ ಗೆರೆ ಒಟ್ಟಿಗೇ ಇನ್ನೂ ಮೇಲೇರುತ್ತಿದ್ದವು. ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ಸ್ಟ್ರಾಪ್‌ನ ಕಣ್ಣು ತುಕ್ಕು ಹಿಡಿದಿತ್ತು. ಉಜ್ಜಿ ಬಿಗಿದ ಮೇಲೆ ಎರಡೂ ಗೆರೆ ಕೆಳಗೆ ಕುಳಿತವು. ಸ್ಕೋಪ್‌ನ ಕ್ಲಿಪ್ ಬ್ಯಾಟರಿಗೇ ಹಾಕಿ ಎಂದೆನಲ್ಲ, ಅದು ಇದಕ್ಕೇ. ಎಂಜಿನ್ ಬ್ಲಾಕ್‌ನ ಬೋಲ್ಟ್‌ಗೆ ಹಾಕಿದ್ದರೆ ಬ್ಲಾಕ್ ಜೊತೆ ಸ್ಕೋಪ್ ಕೂಡ ಮೇಲೇರಿ, ಈ ತೊಂದರೆ ಕಣ್ಣಿಗೇ ಬೀಳುತ್ತಿರಲಿಲ್ಲ.

ಗ್ರೌಂಡ್ ಪಿನ್ ಸೊನ್ನೆಯಲ್ಲಿದ್ದು, ಸಿಗ್ನಲ್ ಮಾತ್ರ ಒಂದು ವೋಲ್ಟ್‌ನಲ್ಲಿ ನಿಂತರೆ ಆಗ ಸೆನ್ಸರ್ ಒಳಗಿನ ಟ್ರಾನ್ಸಿಸ್ಟರ್ ಮೇಲೆ ಅನುಮಾನ ಪಡಿ. ಅಂಚುಗಳು ಕಡಿದಾಗಿ ಏರಿಳಿಯಬೇಕು. ಏರುವ ಅಂಚು ಸೊಂಟ ಬಾಗಿದಂತೆ ಓರೆಯಾಗಿದ್ದರೆ ಪುಲ್‌ಅಪ್ ಕಡೆ ರೆಸಿಸ್ಟೆನ್ಸ್ ಜಾಸ್ತಿಯಾಗಿರಬಹುದು, ಕನೆಕ್ಟರ್ ನೋಡಿ.

ಇಂಡಕ್ಟಿವ್ ಸೆನ್ಸರ್ ಕಥೆ ಬೇರೆ. ಹಲ್ಲು ಹತ್ತಿರ ಬರುವಾಗ ವೋಲ್ಟೇಜ್ ಏರುತ್ತದೆ, ಹಲ್ಲು ಎದುರಿಗೆ ಬಂದಾಗ ಸೊನ್ನೆ ದಾಟುತ್ತದೆ, ದೂರ ಹೋಗುವಾಗ ಕೆಳಗಿಳಿಯುತ್ತದೆ. ಇಸಿಯು ಲೆಕ್ಕಕ್ಕೆ ತೆಗೆದುಕೊಳ್ಳುವುದು ಆ ಸೊನ್ನೆ ದಾಟುವ ಜಾಗವನ್ನು. ವೇಗ ಹೆಚ್ಚಿದಂತೆ ಅಲೆಯ ಎತ್ತರವೂ ಹೆಚ್ಚುತ್ತದೆ. ಈಗ ಯೋಚಿಸಿ. ಕ್ಯಾಮ್ ತಿರುಗುವುದೇ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ. ಸೆಲ್ಫ್ ಹೊಡೆಯುವಾಗ ಕ್ರ್ಯಾಂಕ್ 200 ಇದ್ದರೆ ಕ್ಯಾಮ್ ಬರೀ 100. ಆಗ ಸಿಗ್ನಲ್ ಮೊದಲೇ ಬಡಕಲು. ಅದರ ಮೇಲೆ ಬ್ಯಾಟರಿ ಸೋತಿದ್ದರೆ, ಸೆನ್ಸರ್‌ಗೂ ಚಕ್ರಕ್ಕೂ ನಡುವಿನ ಗ್ಯಾಪ್ ಸ್ವಲ್ಪ ಜಾಸ್ತಿಯಾಗಿದ್ದರೆ, ಇಸಿಯು ಅದನ್ನು ಗುರುತೇ ಹಿಡಿಯುವುದಿಲ್ಲ. ಗ್ಯಾಪ್ ಯಾಕೆ ಜಾಸ್ತಿಯಾಗುತ್ತದೆ ಎಂದರೆ, ಸೆನ್ಸರ್ ಕೂರಿಸುವಾಗ ಓ ರಿಂಗ್ ಮಡಚಿಕೊಂಡಿರುತ್ತದೆ, ಅಥವಾ ಹಳೆಯ ಎಣ್ಣೆ ಗಸಿಯ ಮೇಲೇ ಬೋಲ್ಟ್ ಬಿಗಿದಿರುತ್ತಾರೆ. ಸೆನ್ಸರ್ ತುದಿಯ ಮ್ಯಾಗ್ನೆಟ್‌ಗೆ ಕಬ್ಬಿಣದ ಪುಡಿ ಗಡ್ಡದ ಹಾಗೆ ಅಂಟಿದ್ದರೂ ಅಲೆ ಕೆಡುತ್ತದೆ. ಆ ಪುಡಿ ಎಲ್ಲಿಂದ ಬಂತು ಎಂಬುದು ಇನ್ನೂ ದೊಡ್ಡ ಪ್ರಶ್ನೆ.

ಇದನ್ನು ನೋಡುವಾಗ ಎರಡೂ ವೈರ್‌ಗೆ ಒಂದೊಂದು ಚಾನೆಲ್ ಹಾಕಿ, ಸ್ಕೋಪ್‌ನಲ್ಲಿ ಒಂದರಿಂದ ಇನ್ನೊಂದನ್ನು ಕಳೆಯಿರಿ. ಕೆಲವು ಇಸಿಯುಗಳು ಎರಡೂ ವೈರನ್ನು ಒಂದೆರಡು ವೋಲ್ಟ್ ಎತ್ತರದಲ್ಲಿ ಇಟ್ಟಿರುತ್ತವೆ, ಅದನ್ನು ಕಂಡು ಗಾಬರಿಯಾಗಬೇಡಿ. ವೈರಿಂಗ್ ರಿಪೇರಿಯಲ್ಲಿ ಎರಡು ವೈರ್ ಅದಲುಬದಲಾಗಿದ್ದರೆ ಅಲೆ ತಲೆಕೆಳಗಾಗುತ್ತದೆ. ಮೀಟರ್‌ನಲ್ಲಿ ಎಲ್ಲವೂ ಸರಿ ಇರುತ್ತದೆ, ಎಂಜಿನ್ ಮಾತ್ರ ಸರಿ ಇರುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸೆನ್ಸರ್ ಬದುಕಿದೆಯೋ ಇಲ್ಲವೋ ಎಂದು ತಿಳಿಯಲು. ಸ್ಕೋಪ್‌ನ ನಿಜವಾದ ಬೆಲೆ ಗೊತ್ತಾಗುವುದು ಕ್ಯಾಮ್ ಮತ್ತು ಕ್ರ್ಯಾಂಕ್ ಎರಡನ್ನೂ ಒಂದೇ ಸ್ಕ್ರೀನ್‌ನಲ್ಲಿ ಒಂದರ ಕೆಳಗೆ ಒಂದು ಇಟ್ಟಾಗ. ಕ್ಯಾಮ್ ಅಲೆಯನ್ನು ಒಂಟಿಯಾಗಿ ನೋಡುವುದನ್ನು ದಯವಿಟ್ಟು ಬಿಡಿ.

ಬಹಳ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಚಕ್ರ 60 ಹಲ್ಲಿನದು, ಅದರಲ್ಲಿ ಎರಡು ಹಲ್ಲು ಬೇಕೆಂದೇ ಬಿಟ್ಟಿರುತ್ತಾರೆ. ಒಂದು ಹಲ್ಲು ಅಂದರೆ 6 ಡಿಗ್ರಿ. ಹಲ್ಲಿಲ್ಲದ ಆ ಜಾಗ ಸ್ಕ್ರೀನ್ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿಂದ ಹಲ್ಲು ಎಣಿಸುತ್ತಾ ಹೋಗಿ, ಎಷ್ಟನೇ ಹಲ್ಲಿನ ಮೇಲೆ ಕ್ಯಾಮ್ ಅಂಚು ಬೀಳುತ್ತದೆ ನೋಡಿ. ಆರೋಗ್ಯವಾದ ಎಂಜಿನ್‌ನಲ್ಲಿ ಅದು 14ನೇ ಹಲ್ಲು ಎನ್ನೋಣ. ನಿಮ್ಮ ಮುಂದಿರುವ ಗಾಡಿಯಲ್ಲಿ 17ನೇ ಹಲ್ಲಿಗೆ ಬೀಳುತ್ತಿದೆ. ಮೂರು ಹಲ್ಲು, 18 ಡಿಗ್ರಿ ತಡ. ಆ ಎಂಜಿನ್‌ನಲ್ಲಿ ಚೈನ್ ಕೂರುವ ಕ್ರ್ಯಾಂಕ್ ಸ್ಪ್ರಾಕೆಟ್‌ಗೆ 20 ಹಲ್ಲು ಇದ್ದರೆ, 360 ಭಾಗಿಸು 20, ಅದೂ 18. ಚೈನ್ ಸ್ಪ್ರಾಕೆಟ್‌ನ ಒಂದು ಹಲ್ಲು ಹಾರಿದೆ! ಎಂಜಿನ್ ಕವರ್ ಕೂಡ ಬಿಚ್ಚದೆ ಇದು ಗೊತ್ತಾಯಿತು.

ವ್ಯತ್ಯಾಸ ಕ್ರ್ಯಾಂಕ್ ಚಕ್ರದ ಒಂದು, ಒಂದೂವರೆ ಹಲ್ಲಿನಷ್ಟು ಮಾತ್ರ ಇದ್ದರೆ ಅದು ಹಾರಿದ್ದಲ್ಲ. ಚೈನ್ ಹಾರುವುದಾದರೆ ಸ್ಪ್ರಾಕೆಟ್‌ನ ಪೂರ್ತಿ ಹಲ್ಲೇ ಹಾರಬೇಕು. ಹೀಗೆ ನಡುವೆ ನಿಂತಿದ್ದರೆ ಚೈನ್ ಸವೆದು ಉದ್ದವಾಗಿರುವ ಸಾಧ್ಯತೆ ಹೆಚ್ಚು. ಚೈನ್ ಬಿಗಿ ಹಿಡಿಯುವ ಟೆನ್ಷನರ್ ಸೋತಿದ್ದರೆ ಕ್ಯಾಮ್ ಅಂಚು ಒಂದು ಕಡೆ ನಿಲ್ಲದೆ ಹಿಂದೆ ಮುಂದೆ ಅಲುಗಾಡುವುದೂ ಕಾಣುತ್ತದೆ. ಒಂದೇ ಚೈನ್ ಎರಡೂ ಕ್ಯಾಮ್ ತಿರುಗಿಸುವ ಎಂಜಿನ್ ಆದರೆ ಇನ್ನೊಂದು ಚಾನೆಲ್‌ನಲ್ಲಿ ಎಕ್ಸಾಸ್ಟ್ ಕ್ಯಾಮ್ ಕೂಡ ಹಾಕಿ. ಎರಡೂ ಸಮನಾಗಿ ಸರಿದಿದ್ದರೆ ತೊಂದರೆ ಕ್ರ್ಯಾಂಕ್ ಕಡೆ. ಒಂದೇ ಸರಿದಿದ್ದರೆ ಆ ಕ್ಯಾಮ್‌ನ ಸ್ಪ್ರಾಕೆಟ್ ಅಥವಾ ಕ್ಯಾಮ್ ಅನ್ನು ಹಿಂದೆ ಮುಂದೆ ಸರಿಸುವ ಫೇಸರ್ ನೋಡಿ.

ಒಂದು ಷರತ್ತು. ವೇರಿಯಬಲ್ ವಾಲ್ವ್ ಟೈಮಿಂಗ್ (ಓಡುತ್ತಿರುವಾಗಲೇ ವಾಲ್ವ್ ತೆರೆಯುವ ಹೊತ್ತು ಬದಲಿಸುವ ವ್ಯವಸ್ಥೆ) ಇರುವ ಎಂಜಿನ್‌ನಲ್ಲಿ ಕ್ಯಾಮ್ ಸರಿಯುವುದು ಅದರ ಕೆಲಸವೇ. ಹೋಲಿಸುವ ಮೊದಲು, ಫೇಸರ್‌ಗೆ ಆಯಿಲ್ ಬಿಡುವ ಆಯಿಲ್ ಕಂಟ್ರೋಲ್ ವಾಲ್ವ್‌ನ ಕನೆಕ್ಟರ್ ಬಿಚ್ಚಿ, ಫೇಸರ್ ತನ್ನ ಮನೆಯಲ್ಲಿ ಕುಳಿತಾಗ ಅಲೆ ತೆಗೆಯಿರಿ. ಇಲ್ಲದಿದ್ದರೆ ಸರಿ ಇರುವ ಎಂಜಿನ್‌ಗೂ ಚೈನ್ ಬಿಲ್ ಬರೆಯುತ್ತೀರಿ. ಇನ್ನೂ ಒಂದು: ಕ್ಯಾಮ್ ಮೇಲೆ ಒತ್ತಿ ಕೂರಿಸಿದ ಟ್ರಿಗರ್ ಚಕ್ರವೇ ಜಾರಿದ್ದರೆ ಟೈಮಿಂಗ್ ಸರಿ ಇದ್ದೂ ಅಲೆ ತಪ್ಪು ತೋರಿಸುತ್ತದೆ. ಹಾಗಾಗಿ ಚೈನ್ ಬಿಚ್ಚಲು ಹೇಳುವ ಮೊದಲು ಟೈಮಿಂಗ್ ಮಾರ್ಕ್ ಒಮ್ಮೆ ಕಣ್ಣಿಂದ ನೋಡಿ.

ಸೆಲ್ಫ್ ಹೊಡೆಯುವಾಗ ತೆಗೆದ ಅಲೆಯಲ್ಲಿ ಹಲ್ಲುಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಪ್ರತಿ ಕಂಪ್ರೆಷನ್‌ಗೂ ಕ್ರ್ಯಾಂಕ್ ತುಸು ನಿಧಾನವಾಗುತ್ತದೆ, ಹಲ್ಲುಗಳು ಅಗಲವಾಗುತ್ತವೆ, ಆಮೇಲೆ ಮತ್ತೆ ಒತ್ತಾಗುತ್ತವೆ. ನಾಲ್ಕು ಸಿಲಿಂಡರ್ ಎಂಜಿನ್ ಆದರೆ ಕ್ಯಾಮ್‌ನ ಒಂದು ಸುತ್ತಿನಲ್ಲಿ ಇಂಥ ನಾಲ್ಕು ಜಾಗ. ಇದು ದೋಷವಲ್ಲ. ಆದರೆ ನಾಲ್ಕರಲ್ಲಿ ಒಂದು ಜಾಗದಲ್ಲಿ ಕ್ರ್ಯಾಂಕ್ ನಿಧಾನವಾಗದೇ ಸಲೀಸಾಗಿ ದಾಟಿದರೆ ಆ ಸಿಲಿಂಡರ್‌ನ ಕಂಪ್ರೆಷನ್ ಕಮ್ಮಿ. ಯಾವ ಸಿಲಿಂಡರ್ ಎಂದು ಹೇಳಲು ಕೆಳಗೆ ಕ್ಯಾಮ್ ಅಲೆ ಇದ್ದೇ ಇದೆ. ಸೆನ್ಸರ್ ನೋಡಲು ಹೋಗಿ ವಾಲ್ವ್ ಸುಟ್ಟಿರುವುದು ಸಿಕ್ಕಿಬೀಳುವುದು ಹೀಗೆ.

ಬಿಸಿಯಾದಾಗ ಮಾತ್ರ ಕೆಡುವ ಸೆನ್ಸರ್‌ಗಳ ಬಗ್ಗೆ ಒಬ್ಬರು ಚೀಟಿ ಕಳಿಸಿದ್ದಾರೆ. ತಣ್ಣಗಿದ್ದಾಗ ಚೆನ್ನಾಗಿರುತ್ತದೆ, ದೂರ ಓಡಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ, ಅರ್ಧ ಗಂಟೆ ಬಿಟ್ಟರೆ ಸರಿ. ಇದಕ್ಕೆ ಅವಸರ ಮಾಡಿದರೆ ಆಗದು. ಸಪ್ಲೈ, ಗ್ರೌಂಡ್, ಸಿಗ್ನಲ್ ಮೂರನ್ನೂ ಮೂರು ಚಾನೆಲ್‌ಗೆ ಹಾಕಿ, ನಾಲ್ಕನೆಯದಕ್ಕೆ ಕ್ರ್ಯಾಂಕ್, ಸ್ಕೋಪ್ ರೆಕಾರ್ಡ್ ಆಗುತ್ತಿರಲಿ. ಹೀಟ್ ಗನ್‌ನಿಂದ ಸೆನ್ಸರ್ ತಲೆಗೆ ನಿಧಾನವಾಗಿ ಬಿಸಿ ಕೊಡಿ, ಪ್ಲಾಸ್ಟಿಕ್ ಕರಗುವಷ್ಟಲ್ಲ. ಪಲ್ಸ್ ಮಾಯವಾದ ಆ ಕ್ಷಣದಲ್ಲಿ ಸಪ್ಲೈ ಮತ್ತು ಗ್ರೌಂಡ್ ಅಲುಗಾಡದೆ ನಿಂತಿದ್ದರೆ, ಸೆನ್ಸರ್ ಬದಲಿಸಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಸಪ್ಲೈ ಕೂಡ ಒಟ್ಟಿಗೇ ಬಿದ್ದಿದ್ದರೆ ವೈರಿಂಗ್ ಹಿಡಿದು ಹುಡುಕಿ. ಬಿಸಿಗೆ ಬಗ್ಗದಿದ್ದರೆ ವೈರ್ ಕಟ್ಟನ್ನು ಅಲುಗಾಡಿಸಿ, ಅದರಲ್ಲೂ ಎಂಜಿನ್ ಜೊತೆ ಅಲುಗಾಡುವ ತಿರುವುಗಳಲ್ಲಿ.

ಅಲೆಯ ಮೇಲೆ ಸಣ್ಣ ಸಣ್ಣ ಮುಳ್ಳು ಕಂಡರೆ ಕೆಲವರು ತಕ್ಷಣ ಸ್ಕೋಪ್‌ನ ಫಿಲ್ಟರ್ ಆನ್ ಮಾಡಿ ಚಿತ್ರ ಚೆಂದ ಮಾಡಿಕೊಳ್ಳುತ್ತಾರೆ. ಇಸಿಯುಗೆ ನಿಮ್ಮ ಫಿಲ್ಟರ್ ಇಲ್ಲ. ಮೊದಲು ಹಾಗೇ ನೋಡಿ. ಮುಳ್ಳು ಪ್ರತಿ ಸ್ಪಾರ್ಕ್‌ಗೂ ಸರಿಯಾಗಿ ಬರುತ್ತಿದ್ದರೆ ಇಗ್ನಿಷನ್ ಕಡೆಯದು, ಶೀಲ್ಡ್ ಮತ್ತು ವೈರ್ ಹೋದ ದಾರಿ ನೋಡಿ.

ಕೊನೆಯದಾಗಿ ಹಿಂದಿನ ಸಾಲಿನಿಂದ ಬಂದ ಪ್ರಶ್ನೆ: ಸರಿಯಾದ ಅಲೆ ಹೇಗಿರಬೇಕು ಎಂದು ಗೊತ್ತಿದ್ದರೆ ತಾನೇ ಹಲ್ಲು ಎಣಿಸಿ ಹೋಲಿಸುವುದು? ನಿಜ. ಕಂಪನಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಕೆಲವು ಸಲ ಸಿಗುತ್ತದೆ, ಎಲ್ಲ ಎಂಜಿನ್‌ಗೂ ಸಿಗುವುದಿಲ್ಲ. ನಾನು ಹೇಳುವುದು, ಬರೀ ಆಯಿಲ್ ಬದಲಿಸಲು ಬಂದ ಗಾಡಿಯಲ್ಲೂ ಒಮ್ಮೆ ಕ್ಯಾಮ್ ಕ್ರ್ಯಾಂಕ್ ಎರಡನ್ನೂ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಎಂಜಿನ್ ಕೋಡ್, ಕಿಲೋಮೀಟರ್, ಬಿಸಿಯಿತ್ತೋ ತಣ್ಣಗಿತ್ತೋ, ಯಾವ ಕಡೆಯ ಕ್ಯಾಮ್, ಇಷ್ಟನ್ನು ಫೈಲ್ ಹೆಸರಿನಲ್ಲೇ ಬರೆಯಿರಿ. ಚಿತ್ರ ಮಾತ್ರ ಉಳಿಸಿದರೆ ಆಮೇಲೆ ಹಿಗ್ಗಿಸಿ ಹಲ್ಲು ಎಣಿಸಲು ಆಗುವುದಿಲ್ಲ, ಸ್ಕೋಪ್‌ನ ಮೂಲ ಫೈಲನ್ನೇ ಉಳಿಸಿ. ಸೆನ್ಸರ್ ಬದಲಿಸಿದ ಗಾಡಿಯಲ್ಲೂ ಕೆಲಸ ಮುಗಿದ ಮೇಲೆ ಅದೇ ಸೆಟ್ಟಿಂಗ್‌ನಲ್ಲಿ ಇನ್ನೊಮ್ಮೆ ತೆಗೆಯಿರಿ. ಕೆಲವು ಗಾಡಿಗಳಿಗೆ ಕ್ಯಾಮ್ ಕ್ರ್ಯಾಂಕ್ ಹೊಂದಾಣಿಕೆಯನ್ನು ಸ್ಕ್ಯಾನರ್‌ನಿಂದ ಹೊಸದಾಗಿ ಕಲಿಸಬೇಕಾಗುತ್ತದೆ, ಅದನ್ನು ಮುಗಿಸಿಯೇ ಕೀ ವಾಪಸ್ ಕೊಡಿ.